ಮಂಗಳೂರಿಗೆ ಬಂದ ಕಾಗದ, ಕೈರೋದಲ್ಲಿ ಸಿಕ್ಕಿದ್ದು

ಹಳೇ ಮನೆ ಒಡೆದು ಹೊಸದು ಕಟ್ಟುವಾಗ ನಮ್ಮಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗೆ ಇಳಿಯುತ್ತದೆ. ಒಳಗೆ ಏನಿರುತ್ತದೆ? ಅಂಚು ಹುಳ ತಿಂದ ಕಿತಾಬುಗಳು, ಜಾಗದ ಕಾಗದ, ಅಂಗಡಿಯ ಲೆಕ್ಕದ ಪುಸ್ತಕ, ಗಲ್ಫಿನಿಂದ ಬಂದ ಪತ್ರಗಳ ಕಟ್ಟು. ಜಾಗದ ಕಾಗದ ಕೂಡಲೇ ಕಪಾಟು ಸೇರುತ್ತದೆ. ಉಳಿದದ್ದು ಗುಜರಿಗೆ. ಅರಬಿ ಅಕ್ಷರ ಇದ್ದರೆ ಅದಬಿನಿಂದ ನೀರಿಗೆ ಅಥವಾ ಮಣ್ಣಿಗೆ. ಈಗ ಇನ್ನೊಂದು ದಾರಿಯೂ ಇದೆ. "ಕೈಬರಹದ್ದು ಏನಾದ್ರೂ ಇದೆಯಾ?" ಅಂತ ಹಳೇ ಸಾಮಾನು ಕೊಳ್ಳುವವರು ಕೇಳಿಕೊಂಡು ಬರ್ತಾರೆ.

ಮಾರಲೇಬಾರದು ಎಂದು ನಾವು ಹೇಳುತ್ತಿಲ್ಲ. ಮಾರುವುದು, ಕೊಳ್ಳುವುದು ನಮ್ಮ ಸಮುದಾಯಕ್ಕೆ ಹೊಸತಲ್ಲ. ಆದರೆ ಕಾಗದದ ಬೆಲೆ ಏನು ಎಂದು ತಿಳಿಯದೆ ಕೈಬಿಡುವುದು ವ್ಯಾಪಾರವೂ ಅಲ್ಲ. ಇದನ್ನು ತಿಳಿಯಲು ನಮ್ಮ ಮಂಗಳೂರಿನದೇ ಒಂದು ಉದಾಹರಣೆ ಇದೆ, ಸುಮಾರು 900 ವರ್ಷ ಹಿಂದಿನದ್ದು.

ಏಡನ್‌ನಿಂದ ಬಂದ ಪತ್ರಗಳು

ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಊರು ಇಂದಿನ ಟುನೀಶಿಯಾದ ಮಹ್ದಿಯಾ. ಏಡನ್ ಮೂಲಕ ನಮ್ಮ ಕರಾವಳಿಗೆ ಬಂದು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆ ನಿಂತ. 1149ರಲ್ಲಿ ಹೊರಡುವವರೆಗೆ ಹೆಚ್ಚುಕಡಿಮೆ 17 ವರ್ಷ ಇಲ್ಲೇ ಇದ್ದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ಅವನಿಗೆ ಕಳಿಸುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಮತ್ತೆ ಬರೆಯಲು ಒಳ್ಳೆಯ ಕಾಗದ. ಸಾಮಾನಿನ ಜೊತೆಗೆ ಪತ್ರ. ಕಳಿಸಿದ ಸರಕಿನ ಲೆಕ್ಕ, ಬಾಕಿಯ ನೆನಪು, ಮನೆಯವರಿಗೆ ಸಲಾಂ. ಗಲ್ಫ್ ಪತ್ರ ಓದಿದ ನಮಗೆ ಇದೇನು ಹೊಸತೆ?

ಆ ಪತ್ರಗಳ ಭಾಷೆ ಅರಬಿ, ಅಕ್ಷರ ಹೀಬ್ರೂ. ಇದೂ ನಮಗೆ ಅರ್ಥವಾಗುವ ವಿಷಯವೇ. ಮಲಯಾಳವನ್ನು ಅರಬಿ ಅಕ್ಷರದಲ್ಲಿ ಬರೆದ ಕಿತಾಬು ಹಿಡಿದೇ ನಮ್ಮ ಹಿರಿಯರು ಓದು ಕಲಿತದ್ದು. ಮಾತು ಒಂದು, ಲಿಪಿ ಇನ್ನೊಂದು.

ಬೆನ್ ಯಿಜು ಕಾಗದ ಎಸೆಯುವ ಜಾತಿಯವನಲ್ಲ. ಬಂದ ಪತ್ರದ ಹಿಂಬದಿಯಲ್ಲೇ ಲೆಕ್ಕ, ಕರಡು ಬರೆಯುತ್ತಿದ್ದ. ಹೊರಡುವಾಗ ಕಟ್ಟನ್ನು ಜೊತೆಯಲ್ಲೇ ಒಯ್ದ. ಕಡೆಗೆ ಅದು ಹಳೇ ಕೈರೋದ ಬೆನ್ ಎಜ್ರಾ ಸಿನಗಾಗಿನ ಒಂದು ಕೋಣೆ ಸೇರಿತು. ಆ ಕೋಣೆಯ ಹೆಸರು ಗೆನೀಝಾ. ದೇವರ ಹೆಸರು ಇರಬಹುದಾದ ಹಳೆಯ ಕಾಗದವನ್ನು ಎಸೆಯದೆ ಅಲ್ಲಿ ಹಾಕಿಡುತ್ತಿದ್ದರು. ಹರಿದ ಮುಸ್‌ಹಫ್ ಹಾಳೆಯನ್ನು ತುಳಿಯುವ ಜಾಗದಲ್ಲಿ ಬಿಡದ ನಮ್ಮ ಅದಬಿನಂತೆಯೇ ಅದೂ. ವ್ಯತ್ಯಾಸ ಒಂದೇ: ಆ ಕೋಣೆಯಲ್ಲಿದ್ದದ್ದು ಉಳಿಯಿತು.

ಚೂರು ಚೂರಾದ ಕಟ್ಟು

19ನೇ ಶತಮಾನದಲ್ಲಿ ಆ ಕೋಣೆಯ ಸುದ್ದಿ ಹಬ್ಬಿತು. ಕೈರೋದ ಹಳೇ ಸಾಮಾನಿನ ವ್ಯಾಪಾರಿಗಳ ಕೈಗೆ ಹಾಳೆಗಳು ಬಂದವು, ಬಿಡಿಬಿಡಿಯಾಗಿ ಮಾರಾಟವಾದವು. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಕೆಲವು ಹಾಳೆ ಕೊಂಡು ಕೇಂಬ್ರಿಜ್‌ಗೆ ತಂದರು. ಅದನ್ನು ನೋಡಿದ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದೇ ವರ್ಷದ ಕೊನೆಗೆ ಕೈರೋಕ್ಕೆ ಹೋದರು. ಸಿನಗಾಗಿನ ಹಿರಿಯರ ಒಪ್ಪಿಗೆ ಪಡೆದು 1,90,000ಕ್ಕೂ ಹೆಚ್ಚು ಚೂರುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು.

ಅಷ್ಟರಲ್ಲಿ ಎಷ್ಟೋ ಹಾಳೆಗಳು ಬೇರೆ ಬೇರೆ ಊರು ಸೇರಿ ಆಗಿತ್ತು. ಬೆನ್ ಯಿಜುವಿನ ಕಾಗದಗಳನ್ನೇ ನೋಡಿ. ಹೆಚ್ಚಿನವು ಕೇಂಬ್ರಿಜ್‌ನಲ್ಲಿ. 1148ರಲ್ಲಿ ಏಡನ್‌ನ ಖಲಫ್ ಬಿನ್ ಇಸ್‌ಹಾಕ್ ಮಂಗಳೂರಿಗೆ ಬರೆದ ಪತ್ರ ಜೆರುಸಲೇಮ್‌ನಲ್ಲಿ. ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿ 1132ರಲ್ಲಿ ಮಂಗಳೂರಿನಲ್ಲಿ ಬರೆದ ಪತ್ರದ ಕರಡು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಒಬ್ಬನೇ ಮನುಷ್ಯನ ಒಂದೇ ಕಟ್ಟು, ಮೂರು ದೇಶ.

ಇನ್ನೊಂದು ಮಾತು. ಶೆಕ್ಟರ್ ಕಾಲದಲ್ಲಿ ಎಲ್ಲರ ಕಣ್ಣು ಇದ್ದದ್ದು ಧರ್ಮಗ್ರಂಥದ ಹಾಳೆಗಳ ಮೇಲೆ. ವ್ಯಾಪಾರಿಗಳ ಪತ್ರ, ಲೆಕ್ಕದ ಚೀಟಿ ಯಾರಿಗೆ ಬೇಕು? ಎಷ್ಟೋ ಚೂರುಗಳು ಕೇಂಬ್ರಿಜ್‌ನಲ್ಲೇ ಪೆಟ್ಟಿಗೆಯೊಳಗೆ ಬಿದ್ದಿದ್ದವು. 1950ರ ದಶಕದಲ್ಲಿ ಎಸ್.ಡಿ. ಗೋಯ್ಟೆನ್ ಎಂಬ ವಿದ್ವಾಂಸರು ಅವನ್ನು ಬಿಡಿಸಿ ನೋಡಿದರು. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ದೇಶ ದೇಶಗಳಿಂದ ಹುಡುಕಿ ಜೋಡಿಸುವುದರಲ್ಲಿ ದಶಕಗಳೇ ಕಳೆದವು. 1985ರಲ್ಲಿ ಅವರು ತೀರಿಕೊಂಡರು. ಅವರ ಕೆಲಸವನ್ನು ಎಂ.ಎ. ಫ್ರೀಡ್‌ಮನ್ ಮುಂದುವರಿಸಿ, 2008ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರತಂದರು.

ಜೋಡಿಸಿದ್ದರಿಂದ ಸಿಕ್ಕಿದ್ದೇನು? 1148ರ ಪತ್ರದಲ್ಲಿ ಬೆನ್ ಯಿಜುವಿನ ಆಳಿಗೂ ಸಲಾಂ ಇದೆ. ಬೇರೆ ಪತ್ರದಲ್ಲಿ ಅದೇ ಆಳು ಯಜಮಾನನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿದ್ದು ಗೊತ್ತಾಗುತ್ತದೆ. ಅವನ ಹೆಸರು ಮೂರು ಅಕ್ಷರ: ಬ, ಮ, ಅ. ಸಾಹಿತಿ ಅಮಿತಾವ್ ಘೋಷ್ ಇದರ ಬೆನ್ನು ಹತ್ತಿ ಮಂಗಳೂರಿಗೆ ಬಂದರು. ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ತುಳುನಾಡಿನ 'ಬೊಮ್ಮ' ಎಂಬ ಹೆಸರೆಂದು ಗುರುತಿಸಿದರು. 1992ರಲ್ಲಿ ಬಂದ ಅವರ 'ಇನ್ ಎನ್ ಆಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಈ ಕಥೆ ಇದೆ. ಅರಸರಿಗೆ ಶಾಸನ ಇರುತ್ತದೆ. ನಮ್ಮೂರಿನ ಒಬ್ಬ ಆಳಿಗೆ ಉಳಿದದ್ದು ಆ ಪತ್ರದ ಸಲಾಂ ಒಂದೇ.

ಸಂತೆಯ ಲೆಕ್ಕ ಬೇರೆ

ಕೈಬರಹದ ಸಂತೆಯಲ್ಲಿ ಬೆಲೆ ಬರುವುದು ದೊಡ್ಡ ಹೆಸರಿಗೆ, ಅಂದದ ಹಾಳೆಗೆ. ಗಾಂಧೀಜಿ ಮತ್ತು ಅವರ ಗೆಳೆಯ ಕಾಲೆನ್‌ಬಾಕ್‌ಗೆ ಸಂಬಂಧಿಸಿದ ಪತ್ರಗಳು 2012ರಲ್ಲಿ ಲಂಡನ್‌ನ ಸದಬೀಸ್‌ನಲ್ಲಿ ಹರಾಜಿಗೆ ಬಂದಾಗ ಭಾರತ ಸರಕಾರವೇ ಸುಮಾರು 7 ಲಕ್ಷ ಪೌಂಡ್ ಕೊಟ್ಟು ಒಟ್ಟಾಗಿ ಕೊಂಡಿತು. ಹಾಗಾಗಿ ಅದು ಚದುರಲಿಲ್ಲ. ಆ ಅವಳಿ ಸೋದರಿಯರ ಸಂಗ್ರಹವನ್ನು 2013ರಲ್ಲಿ ಕೇಂಬ್ರಿಜ್, ಆಕ್ಸ್‌ಫರ್ಡ್ ಎರಡೂ ಸೇರಿ 12 ಲಕ್ಷ ಪೌಂಡ್‌ಗೆ ಕೊಂಡದ್ದೂ ಹೀಗೆ ಒಟ್ಟಾಗಿಯೇ.

ಎಲ್ಲ ಕಟ್ಟಿಗೂ ಆ ಅದೃಷ್ಟ ಇರುವುದಿಲ್ಲ. ಚಿನ್ನದ ಗೆರೆಯ ಹಾಳೆಯನ್ನು ಕಿತ್ತು ಒಂದೊಂದೇ ಮಾರಿದರೆ ಲಾಭ ಹೆಚ್ಚು ಎಂದು ಲೆಕ್ಕ ಹಾಕುವವರು ಇದ್ದಾರೆ. ಹಾಳೆ ಗೋಡೆಗೆ ಹೋಗುತ್ತದೆ. ಯಾರು ಯಾರಿಗೆ ಬರೆದದ್ದು, ಯಾವ ಮನೆಯದ್ದು ಎಂಬುದು ಅಲ್ಲಿಗೆ ಮುಗಿಯಿತು. ಮತ್ತೆ ಜೋಡಿಸಲು ನಮ್ಮ ಪಾಲಿಗೆ ಒಬ್ಬ ಗೋಯ್ಟೆನ್ ಬರುತ್ತಾರೆ ಎಂಬ ಖಾತರಿ ಯಾರು ಕೊಡ್ತಾರೆ?

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಇತಿಹಾಸ ಅಥವಾ ಸಾಹಿತ್ಯದ ಮೌಲ್ಯವುಳ್ಳ ಹಸ್ತಪ್ರತಿ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಂಥ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಮನೆ ಬಾಗಿಲಿಗೆ ಬಂದವರ ಹತ್ತಿರ ಅದನ್ನು ಕೇಳುವ ಹಕ್ಕು ನಮಗಿದೆ.

ನಾವು ಮಾಡಬಹುದಾದದ್ದು

ದೊಡ್ಡ ಕೆಲಸವೇನಲ್ಲ. ಕಟ್ಟನ್ನು ಬಿಚ್ಚುವ ಮೊದಲು ಇದ್ದ ಕ್ರಮದಲ್ಲೇ ಪ್ರತಿ ಹಾಳೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಹಿಂಬದಿ ಬಿಡಬೇಡಿ, ಬೆನ್ ಯಿಜುವಿನ ಲೆಕ್ಕ ಇದ್ದದ್ದು ಅಲ್ಲೇ. ಲಕೋಟೆಯೂ ಇರಲಿ. ಯಾರ ಮನೆಯದ್ದು, ಯಾರು ಬರೆದದ್ದು ಎಂದು ಹಿರಿಯರಲ್ಲಿ ಕೇಳಿ ಬೇರೆ ಚೀಟಿಯಲ್ಲಿ ಬರೆದಿಡಿ. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ನಮ್ಮ ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲಕ್ಕಿಂತ ಒಣ ಹತ್ತಿ ಬಟ್ಟೆಯ ಕಟ್ಟು ಒಳ್ಳೆಯದು. ಪಾಲು ಮಾಡುವಾಗ ಜಾಗ ಹಂಚಿ, ಕಾಗದದ ಕಟ್ಟನ್ನು ಹಂಚಬೇಡಿ, ಒಬ್ಬರ ಹತ್ತಿರ ಇರಲಿ. ಓದಲು ಬಾರದ ಲಿಪಿಯಾದರೆ ಮದ್ರಸದ ಉಸ್ತಾದರಿಗೋ, ಬ್ಯಾರಿ ಸಾಹಿತ್ಯ ಅಕಾಡೆಮಿಯವರಿಗೋ ತೋರಿಸಿ. ಅರಬಿ ಮಲಯಾಳ ಸರಾಗ ಓದುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮನೆಯ ಒಳಗಿನ ಮಾತಿರುವ ಪತ್ರವಾದರೆ ಬರೆದವರ ಮಾನವೂ ಅದರಲ್ಲಿದೆ. ಅದನ್ನು ಹೊರಗೆ ತೋರಿಸುವ ಮುಂಚೆ ಮನೆಯವರ ಒಪ್ಪಿಗೆ ಬೇಕು. ಕಾಗದ ನಮ್ಮ ಕೈಯಲ್ಲಿರಬಹುದು, ಮಾತು ಅಮಾನತ್ತು.

ಇಷ್ಟು ಮಾಡಿದ ಮೇಲೂ ಮಾರಲೇಬೇಕಾದ ಕಷ್ಟ ಬಂದರೆ ಮಾರಿ. ಆದರೆ ಇಡೀ ಕಟ್ಟನ್ನು, ಒಂದೇ ಕಡೆಗೆ, ಯಾವ ಮನೆಯದ್ದು ಎಂಬ ಚೀಟಿಯ ಸಮೇತ.