ತಕ್ಕಡಿಯೂ ದಾಕ್ಷಿಣ್ಯವೂ

ಮನುಷ್ಯನು ಪ್ರಯಾಣಕ್ಕೆ ಹೊರಟಾಗ ಅವನ ಸಂಸಾರದ ಒಂದು ಪಾಲೂ ಗಂಟಾಗಿ ಅವನೊಡನೆ ಹೊರಡುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಈ ಗಂಟಿನ ಲೆಕ್ಕ ಕೇಳುತ್ತಿದ್ದುದು ಎತ್ತು ಮಾತ್ರ. ಏರುದಾರಿಯಲ್ಲಿ ಅದು ನಿಂತುಬಿಟ್ಟರೆ ಏನನ್ನಾದರೂ ಇಳಿಸಬೇಕೆಂದು ಅರ್ಥ. ರೈಲು ಬಂದ ಮೇಲೆ ನಿಯಮವೂ ಬಂದಿತು. ಆದರೆ ನಿಯಮದ ಜೊತೆಗೆ ಬೆಂಚಿನ ಕೆಳಗೆ ಒಂದಿಷ್ಟು ಸ್ಥಳವೂ ಇದ್ದಿತು. ವಿಮಾನ ನಿಲ್ದಾಣದಲ್ಲಿ ಅಂಥ ಮರೆಯ ಸ್ಥಳವಿಲ್ಲ. ಅಲ್ಲಿ ಪೆಟ್ಟಿಗೆಯು ತಕ್ಕಡಿಯೇರುತ್ತದೆ, ಅಂಕಿ ಬೆಳಗುತ್ತದೆ. ಆ ಅಂಕಿಯು ಗೊತ್ತಾದ ಮಿತಿಯನ್ನು ದಾಟಿದೊಡನೆ ಪ್ರಯಾಣಿಕನಿಗೂ ಗುಮಾಸ್ತನಿಗೂ ನಡುವೆ ಒಂದು ಪುಟ್ಟ ವ್ಯಾಜ್ಯ ಹುಟ್ಟಿಕೊಳ್ಳುತ್ತದೆ. ಈ ವ್ಯಾಜ್ಯವು ಮೇಲುನೋಟಕ್ಕೆ ಕಾಣುವಷ್ಟು ಅಲ್ಪವಾದುದಲ್ಲ. ನಿಯಮಕ್ಕೂ ಮನುಷ್ಯನಿಗೂ ಇರಬೇಕಾದ ಸಂಬಂಧವೆಂಥದು ಎಂಬ ಹಳೆಯ ಪ್ರಶ್ನೆಯೇ ಅಲ್ಲಿ ಹೊಸ ವೇಷದಲ್ಲಿ ನಿಂತಿದೆ.

ಮೊದಲು ನಿಯಮದ ಪಕ್ಷವನ್ನು ಕೇಳೋಣ. ಆಕಾಶದಲ್ಲಿ ಭಾರವೆಂದರೆ ಇಂಧನ. ಹೆಚ್ಚುವರಿಯಾಗಿ ಹೊತ್ತ ತೂಕದಲ್ಲಿ ನೂರಕ್ಕೆ ಸುಮಾರು ಮೂರು ಪಾಲಿನಷ್ಟು ಇಂಧನವು ಹಾರಾಟದ ಒಂದೊಂದು ಗಂಟೆಗೂ ಅಧಿಕವಾಗಿ ಉರಿಯುತ್ತದೆಂದು ಸ್ಥೂಲವಾಗಿ ಎಣಿಸುವುದುಂಟು. ಭಾರವನ್ನು ವಿಮಾನದ ಹೊಟ್ಟೆಯಲ್ಲಿ ಸಮವಾಗಿ ಹಂಚದಿದ್ದರೆ ಅಪಾಯವೂ ಉಂಟು. ಒಂದು ಪೆಟ್ಟಿಗೆ 32 ಕಿಲೋಗ್ರಾಂ ಮೀರಬಾರದೆಂದು ಬಹುತೇಕ ಎಲ್ಲೆಡೆಯೂ ವಿಧಿಸಿರುವುದು ಅದನ್ನೆತ್ತುವ ಕೂಲಿಕಾರನ ಬೆನ್ನನ್ನು ನೆನೆದು. ಇವೆಲ್ಲ ನ್ಯಾಯವಾದ ಕಾರಣಗಳೇ.

ಆದರೆ ಲೆಕ್ಕವನ್ನು ಇನ್ನಷ್ಟು ಮುಂದುವರಿಸಿ ನೋಡಬೇಕು. ಐದು ಕಿಲೋ ಹೆಚ್ಚಾದ ಪೆಟ್ಟಿಗೆಯೊಂದು ನಾಲ್ಕು ಗಂಟೆ ಹಾರಿದರೆ ಅದಕ್ಕಾಗಿ ಉರಿಯುವ ಇಂಧನ ಒಂದು ಲೀಟರಿನೊಳಗೇ. ಕೇಳುವ ಶುಲ್ಕಕ್ಕೂ ಈ ಒಂದು ಲೀಟರಿಗೂ ತಾಳೆಯಿಲ್ಲ. ಅಷ್ಟೇ ಅಲ್ಲ, ಐವತ್ತು ಕಿಲೋ ತೂಗುವ ಪ್ರಯಾಣಿಕನೂ ನೂರು ಕಿಲೋ ತೂಗುವವನೂ ಸಮಾನ ಟಿಕೆಟು ಕೊಂಡು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. 2013ರಲ್ಲಿ ಸಮೋವಾ ಏರ್ ಎಂಬ ಸಣ್ಣ ಸಂಸ್ಥೆಯೊಂದು ಪ್ರಯಾಣಿಕನನ್ನೂ ಪೆಟ್ಟಿಗೆಯನ್ನೂ ಕೂಡಿಯೇ ತೂಗಿ ದರ ಗೊತ್ತುಪಡಿಸಿತು, ಜಗತ್ತು ನಕ್ಕಿತು. ಆದರೆ ತರ್ಕಕ್ಕೆ ಹತ್ತಿರವಿದ್ದುದು ಆ ಸಂಸ್ಥೆಯೇ ಅಲ್ಲವೆ?

ಶುಲ್ಕದ ಮೂಲವು ಭಾರ. ಅದರ ಬೆಳವಣಿಗೆಯಾದರೋ ವ್ಯಾಪಾರದ್ದು. ಬಹುಕಾಲದವರೆಗೆ ಸಾಮಾನ್ಯ ದರ್ಜೆಯವನಿಗೆ 20 ಕಿಲೋ, ಮೊದಲ ದರ್ಜೆಯವನಿಗೆ 30 ಕಿಲೋ ಎಂಬುದು ಹಲವು ದೇಶಗಳಲ್ಲಿ ರೂಢಿಯಾಗಿದ್ದಿತು. ಆ ಸಾಮಾನಿನ ಕೂಲಿ ಟಿಕೆಟಿನಲ್ಲೇ ಅಡಗಿರುತ್ತಿತ್ತು. 2008ರಲ್ಲಿ ತೈಲದ ಬೆಲೆ ಏರಿದಾಗ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಮೊದಲನೆಯ ಪೆಟ್ಟಿಗೆಗೇ 15 ಡಾಲರ್ ವಿಧಿಸಿತು. ತೈಲದ ಬೆಲೆ ಆಮೇಲೆ ಇಳಿಯಿತು; ಶುಲ್ಕವು ಇಳಿಯಲಿಲ್ಲ. 2023ರಲ್ಲಿ ಅಮೆರಿಕದ ವಿಮಾನ ಸಂಸ್ಥೆಗಳು ಪೆಟ್ಟಿಗೆಗಳಿಂದಲೇ ಗಳಿಸಿದ ಹಣ 700 ಕೋಟಿ ಡಾಲರಿಗೂ ಮಿಕ್ಕಿತ್ತು. ಎರಡು ಪೆಟ್ಟಿಗೆ ಉಚಿತವೆಂದು ಹೆಮ್ಮೆಯಿಂದ ಸಾರುತ್ತಿದ್ದ ಸೌತ್‌ವೆಸ್ಟ್ ಕೂಡ 2025ರ ಮೇ ತಿಂಗಳಲ್ಲಿ ಆ ವ್ರತವನ್ನು ಬಿಟ್ಟಿತು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು 2016ರಲ್ಲಿ 15ರಿಂದ 20 ಕಿಲೋವರೆಗಿನ ಹೆಚ್ಚುವರಿಗೆ ಕಿಲೋ ಒಂದಕ್ಕೆ 100 ರೂಪಾಯಿ ಮೀರಕೂಡದೆಂದು ಆಜ್ಞಾಪಿಸಿತು. ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2017ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು.

ಈ ಶುಲ್ಕವು ಯಾರಿಗೆ ತಟ್ಟುತ್ತದೆ? ಉನ್ನತ ದರ್ಜೆಯವನಿಗೆ ಮಿತಿಯೇ ದೊಡ್ಡದು. ಮೇಲಿಂದ ಮೇಲೆ ಹಾರುವವನಿಗೆ ವಿಶೇಷ ರಿಯಾಯಿತಿ. ಕೊಲ್ಲಿಯ ನಾಡುಗಳಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಮಂಗಳೂರಿಗೆ ಇಳಿಯುವ ಕಾರ್ಮಿಕನ ಪೆಟ್ಟಿಗೆಯಲ್ಲಾದರೋ ತಾಯಿಗೊಂದು ಕಂಬಳಿ, ಮಕ್ಕಳಿಗೆ ಆಟದ ಸಾಮಾನು, ನೆರೆಯವರಿಗೆ ಖರ್ಜೂರ ಇರುತ್ತವೆ. ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯೂ ಸಾರಿನ ಪುಡಿಯೂ ಇರುತ್ತವೆ. ಸರದಿಯಲ್ಲಿ ನಿಂತ ನೂರಾರು ಜನರೆದುರು ಪೆಟ್ಟಿಗೆ ಬಿಚ್ಚಿ, ಯಾವುದನ್ನು ಉಳಿಸಿ ಯಾವುದನ್ನು ಎಸೆಯಲೆಂದು ನೆಲದ ಮೇಲೆ ಕುಳಿತು ಯೋಚಿಸುವವರು ಇವರೇ. ಅಲ್ಲಿ ಹಣಕ್ಕಿಂತ ಮೊದಲು ತೆರಬೇಕಾದುದು ಮಾನವನ್ನು.

ಎದುರಿಗಿರುವ ಗುಮಾಸ್ತನನ್ನು ದೂರುವುದು ಸುಲಭ. ಆದರೆ ಅವನ ಕೈಯಲ್ಲೇನಿದೆ? 2011ರ ಜೂನ್ ತಿಂಗಳಲ್ಲಿ ನಡೆದ ಸಂಗತಿಯೊಂದನ್ನು ನೋಡಿ. ಆಫ್ಘಾನಿಸ್ಥಾನದ ಯುದ್ಧದಿಂದ ಮರಳುತ್ತಿದ್ದ ಅಮೆರಿಕದ ಸೈನಿಕರ ತಂಡವೊಂದು ಬಾಲ್ಟಿಮೋರಿನಲ್ಲಿ ಡೆಲ್ಟಾ ಸಂಸ್ಥೆಯ ವಿಮಾನವನ್ನೇರಬೇಕಾಗಿತ್ತು. ಅವರ ಆಜ್ಞಾಪತ್ರದಲ್ಲಿ ತಲಾ ನಾಲ್ಕು ಚೀಲಗಳಿಗೆ ಅನುಮತಿಯಿದ್ದಿತು; ಸಂಸ್ಥೆಯ ನಿಯಮದಲ್ಲಿ ಮೂರಕ್ಕೆ ಮಾತ್ರ. ನಾಲ್ಕನೆಯ ಚೀಲಕ್ಕೆ 200 ಡಾಲರಿನಂತೆ ಒಟ್ಟು 2,800 ಡಾಲರಿಗೂ ಮೇಲ್ಪಟ್ಟು ಅವರು ತೆರಬೇಕಾಯಿತು. ಅವರಲ್ಲೊಬ್ಬನ ನಾಲ್ಕನೆಯ ಚೀಲದಲ್ಲಿದ್ದುದು ರಣರಂಗದಲ್ಲಿ ಹೊತ್ತ ಆಯುಧಗಳೇ. ಸೈನಿಕರಿಬ್ಬರು ವಿಮಾನದಲ್ಲಿ ಕುಳಿತೇ ಈ ಅಳಲನ್ನು ಚಲಚ್ಚಿತ್ರವಾಗಿ ಹಿಡಿದು ಲೋಕಕ್ಕೆ ತೋರಿಸಿದರು. ಜನರು ಕೆರಳಿದರು. ಒಂದೆರಡು ದಿನದೊಳಗೆ ಸಂಸ್ಥೆಯು ಕ್ಷಮೆ ಕೇಳಿತು. ಸೈನಿಕರಿಗೆ ನಾಲ್ಕು ಚೀಲಗಳು ಉಚಿತವೆಂದು ನಿಯಮವನ್ನೇ ತಿದ್ದಿತು.

ಕಲ್ಲಿನಂತಿದ್ದ ನಿಯಮವು ಮೇಣದಂತೆ ಮೆತ್ತಗಾದುದು ಒಳ್ಳೆಯದೇ. ಆದರೆ ಅದು ಮೆತ್ತಗಾದುದು ನ್ಯಾಯದ ಬಿಸಿಗಲ್ಲ, ಅಪಕೀರ್ತಿಯ ಬಿಸಿಗೆ. ಕಟ್ಟೆಯೆದುರು ನಿಂತಿದ್ದ ಗುಮಾಸ್ತನಿಗೆ ಆ ಆಜ್ಞಾಪತ್ರವನ್ನು ಓದಲು ಕಣ್ಣಿತ್ತು; ಅದರಂತೆ ನಡೆಯಲು ಅಧಿಕಾರವಿರಲಿಲ್ಲ. ಲೋಕದ ಕಿವಿಗೆ ತಲಪುವ ದನಿಯಿಲ್ಲದವರ ಗತಿಯೇನೆಂಬುದನ್ನು ಓದುಗರೇ ಊಹಿಸಬಹುದು.

ಬೇರೊಂದು ದಾರಿಯೂ ಉಂಟು. 1981ರಲ್ಲಿ ಸ್ಕ್ಯಾಂಡಿನೇವಿಯದ ಎಸ್.ಎ.ಎಸ್. ವಿಮಾನ ಸಂಸ್ಥೆಯು ನಷ್ಟದಲ್ಲಿದ್ದಾಗ ಯಾನ್ ಕಾರ್ಲ್‌ಸೋನ್ ಅದರ ಮುಖ್ಯಸ್ಥರಾದರು. ಅವರ ಎಣಿಕೆ ಸರಳವಾದುದು: ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು, ಒಬ್ಬೊಬ್ಬನೂ ಭೇಟಿಯಾಗುವುದು ಸುಮಾರು ಐವರು ನೌಕರರನ್ನು, ಒಂದೊಂದು ಭೇಟಿ ಹದಿನೈದು ಸೆಕೆಂಡು. ಸಂಸ್ಥೆಯ ಮಾನ ಉಳಿಯುವುದೂ ಹೋಗುವುದೂ ಈ ಐದು ಕೋಟಿ ಗಳಿಗೆಗಳಲ್ಲಿಯೇ. ಆದುದರಿಂದ ಆ ಗಳಿಗೆಯಲ್ಲಿ ತೀರ್ಮಾನಿಸುವ ಅಧಿಕಾರ ಎದುರಿಗಿರುವ ನೌಕರನಿಗೇ ಇರಬೇಕು ಎಂದರು. ಅಮೆರಿಕದ ವ್ಯಾಪಾರಿಯೊಬ್ಬ ಟಿಕೆಟನ್ನು ಸ್ಟಾಕ್‌ಹೋಮಿನ ಹೋಟೆಲಿನಲ್ಲೇ ಮರೆತು ನಿಲ್ದಾಣಕ್ಕೆ ಬಂದಾಗ, ಅಲ್ಲಿದ್ದ ನೌಕರಳು ಯಾರನ್ನೂ ಕೇಳದೆ ಅವನಿಗೆ ಪ್ರವೇಶದ ಚೀಟಿ ಕೊಟ್ಟು, ಕಾರನ್ನು ಕಳುಹಿಸಿ ಟಿಕೆಟು ತರಿಸಿದಳಂತೆ. ಕಾರ್ಲ್‌ಸೋನರು ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿರುವ ಕಥೆಯಿದು. ಸಂಸ್ಥೆ ಆ ದಿನಗಳಲ್ಲಿ ನಷ್ಟದಿಂದ ಲಾಭಕ್ಕೆ ತಿರುಗಿತು.

ಇಲ್ಲೊಂದು ಆಕ್ಷೇಪವು ಸಹಜ. ಗುಮಾಸ್ತನಿಗೆ ಸಡಿಲಿಸುವ ಅಧಿಕಾರ ಕೊಟ್ಟರೆ ಅದು ಶಿಫಾರಸಿಗೆ ಬಾಗಿಲು ತೆರೆದಂತಾಗದೆ? ಸಾಹೇಬರ ಪೆಟ್ಟಿಗೆ ತಕ್ಕಡಿಗೇ ಬಾರದೆ, ಬಡವನ ಪೆಟ್ಟಿಗೆ ಎರಡು ಸಲ ತೂಗಲ್ಪಡದೆ? ಭಯ ನಿಜವಾದುದೇ, ನಮ್ಮ ಕಚೇರಿಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ದಾಕ್ಷಿಣ್ಯಕ್ಕೂ ಪಕ್ಷಪಾತಕ್ಕೂ ವ್ಯತ್ಯಾಸವುಂಟು. ಪಕ್ಷಪಾತವು ಮುಖವನ್ನು ನೋಡುತ್ತದೆ. ದಾಕ್ಷಿಣ್ಯವು ಸಂದರ್ಭವನ್ನು ನೋಡುತ್ತದೆ. ಸಂದರ್ಭಗಳನ್ನು ಮುಂಚಿತವಾಗಿ ಬರೆದಿಡಬಹುದು: ಒಂದೆರಡು ಕಿಲೋ ಹೆಚ್ಚಾದರೆ ಎಲ್ಲರಿಗೂ ಮಾಫಿ, ಒಂದೇ ಕುಟುಂಬದವರ ಪೆಟ್ಟಿಗೆಗಳಿಗೆ ಒಟ್ಟು ತೂಕ, ರೋಗಿಯ ಔಷಧಿಗೂ ಸಾವಿನ ಮನೆಗೆ ಹೊರಟವನಿಗೂ ವಿನಾಯಿತಿ. ಇಷ್ಟನ್ನು ಬಹಿರಂಗವಾಗಿ ಸಾರಿ, ಇವುಗಳೊಳಗೆ ತೀರ್ಮಾನವನ್ನು ಗುಮಾಸ್ತನಿಗೇ ಬಿಟ್ಟು, ಸಡಿಲಿಸಿದುದಕ್ಕೆ ಒಂದು ಸಾಲು ಕಾರಣ ಬರೆದಿಡಲು ಹೇಳಿದರೆ ಸಾಕು. ಮುಚ್ಚುಮರೆಯಿಲ್ಲದ ದಾಕ್ಷಿಣ್ಯವು ಪಕ್ಷಪಾತವಾಗಲಾರದು.

ತೂಕದ ಅಂಕಿಯನ್ನು ಓದಲು ಯಂತ್ರವೊಂದೇ ಸಾಕು. ಈಗ ಹಲವು ನಿಲ್ದಾಣಗಳಲ್ಲಿ ಅದು ಒಂಟಿಯಾಗಿಯೇ ಆ ಕೆಲಸ ಮಾಡುತ್ತಿದೆ. ಅದರ ಪಕ್ಕದಲ್ಲಿ ಸಂಬಳ ಕೊಟ್ಟು ಮನುಷ್ಯನನ್ನು ನಿಲ್ಲಿಸುವುದಾದರೆ, ಯಂತ್ರಕ್ಕೆ ಕಾಣದ ಕಂಬಳಿಯೂ ಭರಣಿಯೂ ಅವನಿಗೆ ಕಾಣಬೇಕು. ಕಂಡುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಕ್ಕೂ ಅವನಿಗಿರಬೇಕು.