ಪುಸ್ತಕದ ಪೇಢಿಯಲ್ಲಿ ಓದುವವರು ಯಾರು?

ಮಿಠಾಯಿ ಅಂಗಡಿಯ ಕೆಲಸಗಾರನಿಗೆ ಮಿಠಾಯಿಯ ಮೇಲಿನ ಆಸೆ ಬೇಗ ಹೋಗುತ್ತದೆಂಬುದು ಪೇಟೆಯಲ್ಲಿ ಎಲ್ಲರೂ ಬಲ್ಲ ಮಾತು. ಪ್ರಕಾಶನ ಸಂಸ್ಥೆಗಳ ಸಿಬ್ಬಂದಿಗೂ ಓದು ಹಾಗೆಯೇ ಬೇಸರವಾಗಬೇಕಾಗಿತ್ತು. ಕರಡಚ್ಚು ತಿದ್ದುವವರಿಗೆ ಅಕ್ಷರ ಕಾಣುತ್ತದೆ, ಕಥೆ ಕಾಣುವುದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೂ ಮುಹೂರ್ತಕ್ಕಿಂತ ಮೊದಲು ಕಾಗುಣಿತವನ್ನು ನೋಡುತ್ತಾರೆ. ಆದರೂ ಈ ಉದ್ಯಮದಲ್ಲಿ ಸಿಬ್ಬಂದಿಯ ಸ್ವಂತ ಅಭಿರುಚಿಯೇ ಬಂಡವಾಳ. ಸಿಮೆಂಟಿನ ಗುಣವನ್ನು ಪರೀಕ್ಷಿಸಲು ಯಂತ್ರವುಂಟು, ಹಸ್ತಪ್ರತಿಗೆ ಅಂಥದಿಲ್ಲ. ಯಾರೋ ಒಬ್ಬರು ಓದಿ, ಚೆನ್ನಾಗಿದೆ ಎನ್ನಬೇಕು, ಅಷ್ಟೆ.

ಆ ಮಾತು ತಪ್ಪಿದರೆ ಆಗುವ ನಷ್ಟವನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಪ್ರತಿ ಪುಸ್ತಕವೂ ಹೊಸದೊಂದು ಸರಕು. ಮುದ್ರಣದ ಖರ್ಚು ಮೊದಲು, ಮಾರಾಟ ಆಮೇಲೆ, ಹಣ ಕೈಸೇರುವುದು ಇನ್ನೂ ತಡವಾಗಿ. ಮಾರಾಟವಾಗದ ಪ್ರತಿಗಳನ್ನು ವರ್ಷಾಂತ್ಯದಲ್ಲಿ ಅಸಲು ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕ ಹಾಕಬೇಕು. ಹಲವು ಶೀರ್ಷಿಕೆಗಳ ಪಾಲಿಗೆ ಅದು ರದ್ದಿಯ ದರ. ಮುದ್ರಿತ ಪುಸ್ತಕಗಳಿಗೆ 2017ರ ಜುಲೈನಿಂದ ಜಿ.ಎಸ್.ಟಿ. ಇಲ್ಲವೆಂಬುದು ಕೇಳಲು ಹಿತ. ಆದರೆ ಕಾಗದದ ಮೇಲೆ ತೆತ್ತ ತೆರಿಗೆಯನ್ನು ಜಮೆ ಪಡೆಯುವಂತಿಲ್ಲ, ಅದೂ ಅಸಲಿಗೇ ಸೇರುತ್ತದೆ.

ಇಷ್ಟೊಂದು ಅಪಾಯವಿರುವ ಕಚೇರಿ ಗಂಭೀರವಾಗಿರಬೇಕಲ್ಲವೆ? ಲಂಡನ್ನಿನ ಫೇಬರ್ ಅಂಡ್ ಫೇಬರ್ ಸಂಸ್ಥೆಯ ಕಥೆ ಬೇರೆಯೇ. ಅಲ್ಲಿ ಪ್ರತಿ ಬುಧವಾರ ಪುಸ್ತಕ ಸಮಿತಿ ಸೇರುತ್ತಿತ್ತು. ಊಟ, ಮಾತು, ವಾದ ಎಲ್ಲವೂ ಒಂದೇ ಮೇಜಿನ ಸುತ್ತ. ಆ ಮೇಜಿಗೆ ಕುಳಿತವರಲ್ಲಿ ಕವಿ ಟಿ. ಎಸ್. ಎಲಿಯಟ್ ಒಬ್ಬರು. 1917ರಿಂದ 1925ರವರೆಗೆ ಲಾಯ್ಡ್ಸ್ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು, ಬಳಿಕ ಪ್ರಕಾಶನಕ್ಕೆ ಬಂದವರು. (ಬ್ಯಾಂಕಿನವರು ಸಾಹಿತ್ಯಕ್ಕೆ ಬರುವ ಪರಿಪಾಠ ಕನ್ನಡ ನಾಡಿಗೆ ಮಾತ್ರ ಸೀಮಿತವಲ್ಲವೆಂದು ಇದರಿಂದ ತಿಳಿಯುತ್ತದೆ.) ಕಡುಕಷ್ಟದ ಕಾವ್ಯ ಬರೆದ ಈ ಮಹನೀಯರು ಕುರ್ಚಿಯ ಮೇಲೆ ಅಪಶಬ್ದ ಹೊರಡಿಸುವ ರಬ್ಬರ್ ದಿಂಬನ್ನು ಇಡುವುದಕ್ಕೆ, ಅತಿಥಿಗಳಿಗೆ ಸಿಡಿಯುವ ಚುಟ್ಟಾ ಕೊಡುವುದಕ್ಕೆ ಹೆಸರಾಗಿದ್ದರು. ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ತಾವು ಸಂಪಾದಿಸುತ್ತಿದ್ದ ಘನವಾದ ಸಾಹಿತ್ಯ ಪತ್ರಿಕೆಯಲ್ಲಿಯೇ 1927ರಲ್ಲಿ ಅವುಗಳನ್ನು ವಿಮರ್ಶಿಸಿದರು.

ಹುಡುಗಾಟಕ್ಕೂ ಬೆಲೆಯುಂಟು. ಪರಿಚಿತರ ಮಕ್ಕಳಿಗಾಗಿ ಎಲಿಯಟ್ ಬರೆದ ಬೆಕ್ಕುಗಳ ಪದ್ಯಗಳನ್ನು ಸಂಸ್ಥೆ 1939ರಲ್ಲಿ ಪ್ರಕಟಿಸಿತು. 1981ರಲ್ಲಿ ಅದೇ ಪದ್ಯಗಳು ‘ಕ್ಯಾಟ್ಸ್’ ಸಂಗೀತ ನಾಟಕವಾದವು, ಅದರ ಗೌರವಧನ ಫೇಬರಿಗೆ ದೊಡ್ಡ ಆಧಾರವಾಯಿತು. ಇತ್ತ, 1944ರಲ್ಲಿ ಅದೇ ಎಲಿಯಟ್ ಗಂಭೀರವಾಗಿ ಯೋಚಿಸಿ ಹಿಂತಿರುಗಿಸಿದ ಹಸ್ತಪ್ರತಿ ಜಾರ್ಜ್ ಆರ್ವೆಲ್ಲರ ‘ಅನಿಮಲ್ ಫಾರ್ಮ್’. ಮರುವರ್ಷ ಅದು ಬೇರೊಬ್ಬ ಪ್ರಕಾಶಕರ ಪಾಲಾಯಿತು.

1953ರಲ್ಲಿ ಅದೇ ಕಚೇರಿಗೆ ಶಾಲಾ ಮಾಸ್ತರರೊಬ್ಬರ ಕಾದಂಬರಿ ಬಂತು. ಹಲವು ಪ್ರಕಾಶಕರನ್ನು ಸುತ್ತಿ ಮಾಸಿದ ಹಾಳೆಗಳು. ಸಂಸ್ಥೆಯ ಅನುಭವಿ ಓದುಗರು ನೀರಸವೆಂದು ಷರಾ ಬರೆದು ತಿರಸ್ಕರಿಸಿದರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರದ, ವಕೀಲಿಯಿಂದ ಬಂದಿದ್ದ ಚಾರ್ಲ್ಸ್ ಮಾಂಟೀತ್ ಆ ಕಟ್ಟನ್ನು ರೈಲಿನಲ್ಲಿ ಓದಲು ಒಯ್ದರು. ಆರಂಭದ ಪುಟಗಳು ಅವರಿಗೂ ಹಿಡಿಸಲಿಲ್ಲ, ಮುಂದಿನವು ಕೈಬಿಡಲಿಲ್ಲ. ಸಮಿತಿಯ ಮೇಜಿನಲ್ಲಿ ಹೊಸಬನ ಮಾತಿಗೂ ಎಡೆಯಿತ್ತು. ಯಜಮಾನ ಜೆಫ್ರಿ ಫೇಬರ್, ಲೇಖಕರೊಡನೆ ಕುಳಿತು ತಿದ್ದಿಸಲು ಅವಕಾಶವಿತ್ತರು. ಆರಂಭ ಕಡಿಯಲ್ಪಟ್ಟಿತು. ಹೊಸ ಹೆಸರನ್ನು ಸೂಚಿಸಿದವರೂ ಕಚೇರಿಯ ಸಹೋದ್ಯೋಗಿಯೇ: ‘ಲಾರ್ಡ್ ಆಫ್ ದಿ ಫ್ಲೈಸ್’. 1954ರಲ್ಲಿ ಅದು ಪ್ರಕಟವಾಯಿತು. 1983ರಲ್ಲಿ ಲೇಖಕ ವಿಲಿಯಂ ಗೋಲ್ಡಿಂಗ್ ಅವರಿಗೆ ನೊಬೆಲ್ ದೊರೆಯಿತು. ಹೊಸ ನೌಕರ ಬಾಯಿ ಬಿಡಲು ಅಂಜುವ ಕಚೇರಿಯಾಗಿದ್ದರೆ ಆ ಹಾಳೆಗಳು ಅಂಚೆಯಲ್ಲಿ ಹಿಂದಿರುಗುತ್ತಿದ್ದವು.

ಲಂಡನ್ನಿನ ಆ ಮೇಜಿಗೆ ಸಾಟಿಯಾದುದು ಕನ್ನಡದಲ್ಲಿಯೂ ಉಂಟು. ಧಾರವಾಡದ ಮನೋಹರ ಗ್ರಂಥಮಾಲೆಯ ‘ಅಟ್ಟ’. 1933ರಲ್ಲಿ ಆರಂಭವಾದ ಈ ಮಾಲೆಯ ಜಿ. ಬಿ. ಜೋಶಿಯವರು ತಾವೇ ‘ಜಡಭರತ’ ಎಂಬ ಹೆಸರಿನ ನಾಟಕಕಾರರು. ಚಂದಾದಾರರನ್ನು ಮೊದಲೇ ಗೊತ್ತುಮಾಡಿಕೊಂಡು ಪುಸ್ತಕ ಒದಗಿಸುವುದು ಅವರ ಕ್ರಮ. ದಾಸ್ತಾನಿನ ಭಯಕ್ಕೆ ಇದಕ್ಕಿಂತ ಜಾಣ ಮದ್ದು ಇಲ್ಲ. ಆದರೆ ವಾಚಕರು ಹೆಸರು ನೋಡದೆ ಹಣ ಕೊಟ್ಟಾಗ ಆಯ್ಕೆಯ ಹೊಣೆ ಇನ್ನಷ್ಟು ಭಾರ. ಆ ಭಾರ ಇಳಿಯುತ್ತಿದ್ದುದು ಅಟ್ಟದ ಹರಟೆಯಲ್ಲಿ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಲ್ಲಿಯ ಸಲಹೆಗಾರರು. ಯಾವುದು ಕಚೇರಿಯ ಕೆಲಸ, ಯಾವುದು ಕಾಲಹರಣ ಎಂದು ಅಲ್ಲಿ ಗೆರೆ ಎಳೆಯುವುದು ಯಾವ ಲೆಕ್ಕ ತಪಾಸಿಗನಿಗೂ ಸಾಧ್ಯವಿರಲಿಲ್ಲ.

ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸಿದ್ದ ತರುಣ ಗಿರೀಶ ಕಾರ್ನಾಡರ ಮೊದಲ ಕನ್ನಡ ನಾಟಕ ‘ಯಯಾತಿ’ ಈ ಅಟ್ಟದಿಂದಲೇ 1961ರಲ್ಲಿ ಹೊರಬಂತು. 1963ರಿಂದ 1970ರವರೆಗೆ ಕಾರ್ನಾಡರೂ ಪ್ರಕಾಶನದ ನೌಕರರೇ, ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ. ಹೊಟ್ಟೆಪಾಡಿಗೆ ಇಂಗ್ಲಿಷ್ ಪುಸ್ತಕಗಳ ವ್ಯವಹಾರ. ಬರೆದ ‘ತುಘಲಕ್’ ಮಾತ್ರ ಧಾರವಾಡದ ಅಟ್ಟವನ್ನೇ ಏರಿತು.