ಹಸು ಒಂದೇ, ಹಗ್ಗ ಎರಡು

ಜಾವಾ ಕಲಿಯಲು ಕೂತವರು ಮೊದಮೊದಲು ಬೆಚ್ಚಿಬೀಳುವ ಪ್ರಸಂಗವೊಂದಿದೆ. ‘ಹಳೆಯದು’ ಎಂಬ ಹೆಸರಿಟ್ಟು ಬ್ಯಾಂಕ್ ಖಾತೆಯ ಆಬ್ಜೆಕ್ಟ್ ಒಂದನ್ನು ಸೃಷ್ಟಿಸಿ, ಅದರಲ್ಲಿ 500 ರೂಪಾಯಿ ಇಟ್ಟರು ಅನ್ನಿ. ಮುಂದಿನ ಸಾಲಿನಲ್ಲಿ ‘ಹೊಸದು = ಹಳೆಯದು’ ಎಂದು ಬರೆದು, ಹೊಸದರಿಂದ 200 ತೆಗೆದರು. ಈಗ ಹಳೆಯದರಲ್ಲಿ ಎಷ್ಟಿದೆ ಎಂದು ಕೇಳಿದರೆ 300! ಮುಟ್ಟದ ಖಾತೆಯ ದುಡ್ಡು ಕರಗಿದ್ದು ಹೇಗೆ?

ಖಾತೆ ಎರಡಾಗಿರಲೇ ಇಲ್ಲ. ಆಬ್ಜೆಕ್ಟ್ ಎಂಬುದು ಹಸು. ಅದು ‘ಹೀಪ್’ ಎಂಬ ಮೆಮೊರಿಯ ಬಯಲಿನಲ್ಲಿ ನಿಂತಿರುತ್ತದೆ. ವೇರಿಯಬಲ್ಲಿನಲ್ಲಿ ಇರುವುದು ಹಗ್ಗದ ತುದಿ ಮಾತ್ರ. ಅದಕ್ಕೇ ಅದನ್ನು ರೆಫರೆನ್ಸ್ ವೇರಿಯಬಲ್ ಎನ್ನುತ್ತಾರೆ. ಸಮಚಿಹ್ನೆ ಹಾಕಿದಾಗ ಅದೇ ಹಸುವಿಗೆ ಇನ್ನೊಂದು ಹಗ್ಗ ಬಿತ್ತು, ಅಷ್ಟೇ. ಯಾವ ಹಗ್ಗ ಹಿಡಿದು ಹಾಲು ಕರೆದರೂ ಕೆಚ್ಚಲು ಒಂದೇ.

ಬರೀ ಸಂಖ್ಯೆಯಾದರೆ ಹೀಗಾಗುವುದಿಲ್ಲ. ‘ಇಂಟ್’ ಬಗೆಯ ವೇರಿಯಬಲ್ಲಿನಲ್ಲಿ 500 ಎಂಬ ಬೆಲೆಯೇ ಕೂತಿರುತ್ತದೆ. ನಕಲು ಮಾಡಿದರೆ ನಿಜಕ್ಕೂ ಎರಡು 500ಗಳಾಗುತ್ತವೆ. ಗೊಂದಲದ ಬೇರು ಇರುವುದೇ ಇಲ್ಲಿ: ಎರಡು ಬೇರೆ ಕೆಲಸಗಳಿಗೆ ಜಾವಾದಲ್ಲಿ ಒಂದೇ ಚಿಹ್ನೆ. ಕ್ಲಾಸ್ ಮತ್ತು ಆಬ್ಜೆಕ್ಟ್‌ಗಳನ್ನು ಮೊದಲು ತಂದ ಸಿಮುಲಾ 67 ಭಾಷೆಯಲ್ಲಿ ಹಾಗಿರಲಿಲ್ಲ. ಓಸ್ಲೋದಲ್ಲಿ ಅದನ್ನು ಕಟ್ಟಿದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್, ಬೆಲೆ ತುಂಬಲು ಕೋಲನ್ ಜೊತೆ ಸಮಚಿಹ್ನೆಯನ್ನೂ, ಹಗ್ಗ ಕಟ್ಟಲು ಕೋಲನ್ ಜೊತೆ ಅಡ್ಡಗೆರೆಯನ್ನೂ ಇಟ್ಟಿದ್ದರು. ಓದಿದವನ ಕಣ್ಣಿಗೇ ವ್ಯತ್ಯಾಸ ಕಾಣುತ್ತಿತ್ತು. 1995ರಲ್ಲಿ ಬಂದ ಜಾವಾ ಆ ಗುರುತನ್ನು ಉಳಿಸಿಕೊಳ್ಳಬೇಕಿತ್ತು ಎಂದೇ ನನ್ನ ಅನಿಸಿಕೆ.

ಮೆಥಡ್‌ಗೆ ಆಬ್ಜೆಕ್ಟ್ ಕಳಿಸಿದಾಗಲೂ ಹೋಗುವುದು ಹಗ್ಗದ ನಕಲು. ಆ ಮೆಥಡ್ ನಿಮ್ಮ ಹಸುವಿನ ಹಾಲು ಕರೆಯಬಲ್ಲದು, ಕೊಂಬಿಗೆ ಬಣ್ಣ ಬಳಿಯಬಲ್ಲದು. ಮರಳಿ ಬಂದಾಗ ಆ ಬಣ್ಣ ನಿಮಗೂ ಕಾಣುತ್ತದೆ. ಆದರೆ ಅದು ತನ್ನ ಹಗ್ಗವನ್ನು ಬಿಚ್ಚಿ ಬೇರೊಂದು ಹಸುವಿಗೆ ಕಟ್ಟಿಕೊಂಡರೆ, ನಿಮ್ಮ ಹಗ್ಗ ಮೊದಲಿನ ಹಸುವಿನಲ್ಲೇ ಇರುತ್ತದೆ. ಸಂದರ್ಶನಗಳಲ್ಲಿ ಇದರ ಬಗ್ಗೆ ಕೇಳಿದರೆ ಅನುಭವಸ್ಥರೂ ತಡವರಿಸುತ್ತಾರೆ. ಹಾಗೆಯೇ, ಜೋಡಿ ಸಮಚಿಹ್ನೆ ಕೇಳುವುದು ‘ಎರಡು ಹಗ್ಗದ ತುದಿಯಲ್ಲೂ ಅದೇ ಹಸುವೇ?’ ಎಂದು. ಎರಡು ಸ್ಟ್ರಿಂಗ್‌ಗಳಲ್ಲಿ ಒಂದೇ ಅಕ್ಷರಗಳಿವೆಯೇ ಎಂದು ತಿಳಿಯಲು ‘ಈಕ್ವಲ್ಸ್’ ಮೆಥಡನ್ನೇ ಕರೆಯಬೇಕು.

ಹಸುವೇ ಇಲ್ಲದ ಹಗ್ಗವೂ ಉಂಟು: ನಲ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಅದನ್ನು ಸೇರಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಬರಿಗಾಳಿಗೆ ಕಟ್ಟಿದ ಹಗ್ಗವನ್ನು ಹಿಡಿದು ಹಾಲು ಕರೆಯಹೋದ ಪ್ರೋಗ್ರಾಮ್ ಅಲ್ಲೇ ಮುಗ್ಗರಿಸುತ್ತದೆ.

ಇನ್ನು ಹಗ್ಗವಿಲ್ಲದ ಹಸು. ಅಂಥ ಬೀಡಾಡಿಗಳನ್ನು ಗಾರ್ಬೇಜ್ ಕಲೆಕ್ಟರ್ ಹುಡುಕಿ, ಅವು ನಿಂತಿದ್ದ ಜಾಗವನ್ನು ತೆರವು ಮಾಡುತ್ತದೆ. ಎರಡು ಹಸುಗಳನ್ನು ಒಂದಕ್ಕೊಂದು ಕಟ್ಟಿದ್ದರೂ ಅದು ಮೋಸಹೋಗದು. ಓಡುತ್ತಿರುವ ಪ್ರೋಗ್ರಾಮ್‌ನ ಕೈಯಲ್ಲಿರುವ ಹಗ್ಗಗಳಿಂದಲೇ ಹೊರಟು, ಒಂದೊಂದನ್ನೂ ಕೊನೆಯವರೆಗೆ ಹಿಂಬಾಲಿಸಿ, ದಾರಿಯಲ್ಲಿ ಸಿಕ್ಕ ಹಸುಗಳನ್ನಷ್ಟೇ ಉಳಿಸುತ್ತದೆ.